ಕೊಕ್ಕರೆ ಬೆಳ್ಳೂರಿನಲ್ಲಿ ಒಂದು ಹಂಗಾಮು

ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳ ಒಳ್ಳೆಯ ಚಿತ್ರ ಬೇಕೆಂದರೆ ಯಾರದಾದರೂ ಮನೆಯ ತಾರಸಿ ಹತ್ತಬೇಕು. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಬೀದಿಯ ಅಂಚಿನ, ಹಿತ್ತಲಿನ, ಕೊಟ್ಟಿಗೆಯ ಪಕ್ಕದ ಹುಣಸೆ, ಅರಳಿ, ಆಲದ ಮರಗಳ ತುದಿಯಲ್ಲಿ. ಕೆಳಗೆ ನಿಂತು ಕ್ಯಾಮೆರಾ ಎತ್ತಿದರೆ ಕಾಣುವುದು ಹಕ್ಕಿಯ ಹೊಟ್ಟೆ, ಗೂಡಿನ ಕಡ್ಡಿಗಳ ತಳ ಮತ್ತು ಕಣ್ಣು ಕುಕ್ಕುವ ಬಿಳಿಯ ಆಕಾಶ. ತಾರಸಿಗೆ ಹೋದರೆ ಗೂಡು ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿನ್ನೆಲೆಗೆ ದೂರದ ಮರಗಳ ಹಸಿರು ಸಿಗುತ್ತದೆ, ಮರಿಯ ಕಣ್ಣು ಕಾಣುತ್ತದೆ. ಆದರೆ ತಾರಸಿಯ ಮೆಟ್ಟಿಲು ಮನೆಯ ಒಳಗಿನಿಂದಲೋ ಹಿತ್ತಲಿನಿಂದಲೋ ಇರುವುದರಿಂದ ಮೊದಲು ಆ ಮನೆಯವರ ಪರಿಚಯವಾಗಬೇಕು. ಹಕ್ಕಿಗಳನ್ನು ಮಾತ್ರ ತೆಗೆಯಬೇಕೆಂದು ಹೊರಟಿದ್ದ ನನ್ನ ಬಳಿ ಒಂದು ಹಂಗಾಮು ಮುಗಿಯುವ ಹೊತ್ತಿಗೆ ಮನುಷ್ಯರ ಮುಖಗಳೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಸೇರಿಕೊಂಡಿದ್ದರೆ, ಅದಕ್ಕೆ ಮೂಲ ಕಾರಣ ಈ ಮೆಟ್ಟಿಲುಗಳು.

ನಾನು ಮೈಸೂರಿನವಳು. ವಾರವೆಲ್ಲ ಕಚೇರಿಯ ಕೆಲಸ, ಭಾನುವಾರವಷ್ಟೇ ಕ್ಯಾಮೆರಾ. ಕೈ ಪಳಗಿಸಿಕೊಂಡದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಬೆಳಗಿನ ನಡಿಗೆಗೆ ಬರುವವರ ನಡುವೆ ನಿಂತು, ನೀರುಕಾಗೆ, ಹಾವಕ್ಕಿ, ಮಿಂಚುಳ್ಳಿಗಳ ಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಊರ ನಡುವೆಯೇ ಉಳಿದುಕೊಂಡಿರುವುದು ಮೈಸೂರಿನ ಹವ್ಯಾಸಿಗಳ ಭಾಗ್ಯವೆಂದೇ ಹೇಳಬೇಕು; ಅದು ಸಾಲದಿದ್ದರೆ ಕಾರಂಜಿ ಕೆರೆ, ಲಿಂಗಾಂಬುಧಿ ಕೆರೆಗಳಿವೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬೇಕೆಂದರೆ ನಂಜನಗೂಡು ಕಡೆಯ ಹದಿನಾರು ಕೆರೆ ಇದೆ. ರಂಗನತಿಟ್ಟಂತೂ ಮನೆಯಿಂದ ಅರ್ಧ ಗಂಟೆಯ ದಾರಿ. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಒಡ್ಡಿನಿಂದ ಉಂಟಾದ ಆ ನಡುಗಡ್ಡೆಗಳು ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದವು, 2022ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿದವು. ಆದರೆ ಅಲ್ಲಿ ಹಕ್ಕಿಯ ಹತ್ತಿರ ಹೋಗುವುದು ದೋಣಿಯಿಂದ. ಮಾಮೂಲಿ ಟಿಕೆಟ್ಟಿನ ದೋಣಿ ಹೊರಡುವ ಹೊತ್ತಿಗೆ ಎಳೆಬಿಸಿಲು ಕಳೆದಿರುತ್ತದೆ. ಮೊಸಳೆ ಕಂಡ ಸಂಭ್ರಮಕ್ಕೆ ಪಕ್ಕದವರು ಎದ್ದು ನಿಂತರೆ ಚೌಕಟ್ಟೆಲ್ಲ ತೂಗಾಡುತ್ತದೆ. ಇನ್ನೊಂದು ಅರ್ಧ ಗಂಟೆ ಇದೇ ಬಂಡೆಯ ಹತ್ತಿರ ನಿಲ್ಲಿಸಿ ಎಂದು ಅಂಬಿಗರನ್ನು ಕೇಳುವಂತಿಲ್ಲ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ನೀರು ಬಿಟ್ಟರೆ ದೋಣಿಗಳೇ ನಿಂತುಹೋಗುತ್ತವೆ. ಒಂದೇ ಗೂಡನ್ನು ಕಡ್ಡಿ ಜೋಡಿಸುವ ಹಂತದಿಂದ ಮರಿ ಹಾರುವವರೆಗೆ ಬಿಡದೆ ನೋಡಬೇಕೆಂಬ ಆಸೆಗೆ ರಂಗನತಿಟ್ಟು ಹೊಂದುವಂತಿರಲಿಲ್ಲ. ಆದ್ದರಿಂದ ಬೆಳ್ಳೂರು.

ಕತ್ತಲಿರುವಾಗಲೇ ಮೈಸೂರು ಬಿಟ್ಟು, ಮಂಡ್ಯ, ಮದ್ದೂರು ದಾಟಿ, ರುದ್ರಾಕ್ಷಿಪುರದ ಬಳಿ ಬಲಕ್ಕೆ ತಿರುಗಿ ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಹೋದರೆ ಹಕ್ಕಿಗಳಿಗಿಂತ ಮೊದಲು ಅವುಗಳ ವಾಸನೆ ಸಿಗುತ್ತದೆ. ಮೀನು, ಹಿಕ್ಕೆ, ಹುಣಸೆ ಎಲೆ ಎಲ್ಲ ಬೆರೆತ ಆ ವಾಸನೆಗೆ ಊರಿನವರು ಮೂಗು ಮುರಿಯುವುದನ್ನು ನಾನು ಕಂಡಿಲ್ಲ. ಮರದಡಿ ಉದುರಿದ ಹಿಕ್ಕೆಯನ್ನು ಗುಂಡಿಯಲ್ಲಿ ಕೂಡಿಟ್ಟು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಹಿಂದೆ ಪ್ಲೇಗ್ ಬಂದು ಶಿಂಷಾ ನದಿಯ ದಿಕ್ಕಿನಲ್ಲಿದ್ದ ಹಳೆಯ ಊರನ್ನು ತೊರೆದು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಇಲ್ಲಿನ ಗೂಡುಗಳನ್ನು ದಾಖಲಿಸಿದ ಮೇಲೆ ಹೊರಗಿನವರ ಕಣ್ಣು ಈ ಊರಿನ ಮೇಲೆ ಬಿತ್ತು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹುಣಸೆ ಉದುರಿಸುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ ಆಗಿರುವುದರಿಂದ ಗೂಡಿರುವ ಮರವನ್ನು ಮನೆಯವರು ಮುಟ್ಟುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ. ಅದು ಫಸಲಿನ ಬೆಲೆಗೆ ಸಮನಾಗುವುದಿಲ್ಲವೆಂದು ಮರದ ಯಜಮಾನರು ಗೊಣಗಿದರೂ, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಹೊರಗೆ ಹಾಕುವುದುಂಟೆ ಎಂದು ಅದೇ ಉಸಿರಿನಲ್ಲಿ ಕೇಳುತ್ತಾರೆ.

ಚಳಿಗಾಲ ಆರಂಭವಾಗುತ್ತಿದ್ದಂತೆ ಹೆಜ್ಜಾರ್ಲೆಗಳು ಬರುತ್ತವೆ, ಅವು ನೆಲೆ ನಿಂತ ಮೇಲೆ ಬಣ್ಣದ ಕೊಕ್ಕರೆಗಳು. ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿಯಾಗುವ ಹೆಜ್ಜಾರ್ಲೆ ಹುಣಸೆಯ ಸಣ್ಣ ಕೊಂಬೆಯ ಮೇಲೆ ಇಳಿಯುವುದನ್ನು ಮೊದಲ ಬಾರಿಗೆ ಕಂಡವರು ಕೊಂಬೆ ಮುರಿಯಿತೆಂದೇ ಭಾವಿಸುತ್ತಾರೆ. ಚಿತ್ರಗಾರಳ ಕಷ್ಟವೂ ಆ ಇಳಿಯುವ ಕ್ಷಣದಲ್ಲೇ ಇದೆ. ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಬೆಳಗಿನ ಸೂರ್ಯ ನನ್ನ ಬೆನ್ನಿಗಿರಬೇಕೆಂದು ಪಶ್ಚಿಮಕ್ಕೆ ಮುಖ ಮಾಡಿ ನಿಂತ ದಿನ ಗಾಳಿಯೂ ಪಶ್ಚಿಮದಿಂದ ಬೀಸಿದರೆ, ಬಂದ ಹಕ್ಕಿಗಳೆಲ್ಲ ನನಗೆ ಬೆನ್ನು ತೋರಿಸಿಯೇ ಇಳಿಯುತ್ತವೆ. ಬೆಳಕೂ ಗಾಳಿಯೂ ಒಂದೇ ದಿಕ್ಕಿನಿಂದ ಬರುವ ಬೆಳಗು ಭಾನುವಾರದಂದೇ ಬರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಮಂಗಳವಾರ ಕಚೇರಿಯ ಕಿಟಕಿಯಾಚೆ ಮರದ ಎಲೆಗಳು ಪೂರ್ವದ ಗಾಳಿಗೆ ಅಲುಗುವುದನ್ನು ನೋಡುತ್ತ, ಈಗ ಅಲ್ಲಿ ಹೆಜ್ಜಾರ್ಲೆಗಳು ಬಿಸಿಲಿಗೆ ಮುಖವೊಡ್ಡಿ ಇಳಿಯುತ್ತಿರುತ್ತವೆ ಎಂದು ಲೆಕ್ಕ ಹಾಕುವ ಸಂಕಟ ಹವ್ಯಾಸಿಗಳಿಗೆ ಮಾತ್ರ ಗೊತ್ತು.

ಇನ್ನು ಬೆಳಕಿನ ಅಳತೆ. ಕ್ಯಾಮೆರಾದ ಮೀಟರು ತಾನು ಕಂಡದ್ದನ್ನೆಲ್ಲ ನಡುಬೂದು ಎಂದೇ ಭಾವಿಸಿಕೊಂಡು ಲೆಕ್ಕ ಹಾಕುತ್ತದೆ. ಹಕ್ಕಿಯ ಹಿಂದೆ ಬೆಳಗುವ ಆಕಾಶವಿದ್ದರೆ ಅದು ಬೆಳಕನ್ನು ಕಡಿಮೆ ಮಾಡಿ ಹಕ್ಕಿಯನ್ನು ಕರಿ ನೆರಳಾಗಿಸುತ್ತದೆ. ಅದೇ ಕೊಕ್ಕರೆ ಕಡುಹಸಿರಿನ ಮುಂದೆ ಬಂದರೆ ಬೆಳಕನ್ನು ಹೆಚ್ಚಿಸಿ ಬಿಳಿ ಗರಿಗಳನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಗರಿಯ ಎಳೆಗಳು ಒಮ್ಮೆ ಸುಣ್ಣವಾದರೆ ಯಾವ ತಂತ್ರಾಂಶವೂ ಅವನ್ನು ಮರಳಿ ತರಲಾರದು. ಹಾರುತ್ತಿರುವ ಹಕ್ಕಿ ಎರಡೇ ಸೆಕೆಂಡಿನಲ್ಲಿ ಆಕಾಶದಿಂದ ಎಲೆಗಳ ಹಿನ್ನೆಲೆಗೆ ಬಂದುಬಿಡುವುದರಿಂದ, ಮೀಟರನ್ನು ನಂಬುವುದನ್ನು ಬಿಟ್ಟು, ಬೆಳಗಿನ ಬಿಸಿಲಿನಲ್ಲಿ ಕುಳಿತಿರುವ ಒಂದು ಕೊಕ್ಕರೆಯ ಎದೆಯ ಬಿಳುಪಿಗೆ ಸರಿಯಾಗಿ ಷಟರ್ ವೇಗ, ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಗಲ), ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ ಮೂರನ್ನೂ ಕೈಯಿಂದಲೇ ಹೊಂದಿಸಿ, ಬಿಸಿಲು ಬದಲಾಗುವವರೆಗೆ ಅದನ್ನು ಮುಟ್ಟದಿರುವುದೇ ನನಗೆ ಒಗ್ಗಿದ ಕ್ರಮವಾಯಿತು. ರೆಕ್ಕೆಯ ತುದಿ ಮಸುಕಾಗದಿರಬೇಕಾದರೆ ಸೆಕೆಂಡಿನ 1/2000 ಭಾಗದ ವೇಗ ಬೇಕು. ಏಳು ಗಂಟೆಯ ಬೆಳಕಿನಲ್ಲಿ ಆ ವೇಗಕ್ಕೆ ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ದುಬಾರಿ ಲೆನ್ಸ್‌ಗಳು ಎಫ್ 4ರಲ್ಲಿ (ಈ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಧಾರಾಳವಾಗಿ ಬೆಳಕು ತೆಗೆದುಕೊಳ್ಳುತ್ತವೆ. ಕಂತಿನಲ್ಲಿ ಕೊಂಡ ನನ್ನ 150–600 ಮಿ.ಮೀ. ಲೆನ್ಸ್ ಉದ್ದದ ತುದಿಯಲ್ಲಿ ಎಫ್ 6.3ಕ್ಕೇ ನಿಂತುಬಿಡುತ್ತದೆ. ಎರಡು ಕಿಲೋ ತೂಗುವ ಅದನ್ನು ಕತ್ತಿಗೆ ಹಾಕಿಕೊಂಡು ಮನೆಗೆ ಬಂದ ದಿನ ನಮ್ಮ ಯಜಮಾನರು ಹೇಳಿದ್ದು, ಇದೇ ದುಡ್ಡಿಗೆ ಒಂದು ಸ್ಕೂಟರ್ ಬರುತ್ತಿತ್ತಲ್ಲ ಎಂದು. ಅದು ಸುಳ್ಳೇನಲ್ಲ.

ಹತ್ತು ಗಂಟೆಯಾಯಿತೆಂದರೆ ಹೆಂಚುಗಳಿಂದ ಏಳುವ ಝಳಕ್ಕೆ ಉದ್ದ ಲೆನ್ಸಿನ ಚಿತ್ರಗಳೆಲ್ಲ ನೀರಿನೊಳಗಿನಿಂದ ನೋಡಿದಂತೆ ನಡುಗುತ್ತವೆ. ಎಷ್ಟೇ ವೇಗ ಇಟ್ಟರೂ, ಎಷ್ಟೇ ಗಟ್ಟಿಯಾದ ಟ್ರೈಪಾಡ್ ಬಳಸಿದರೂ ಈ ಝಳಕ್ಕೆ ಮದ್ದಿಲ್ಲ. ನಾಲ್ಕು ಗಂಟೆಯ ತನಕ ಹಕ್ಕಿಗಳ ಕೆಲಸ ಮುಗಿಯಿತೆಂದೇ ಅರ್ಥ. ಈ ನಡುವಿನ ಬಿಡುವಿನಲ್ಲೇ ಜಗಲಿಗಳ ಪರಿಚಯವಾದದ್ದು.

ನಾನು ಹತ್ತುತ್ತಿದ್ದ ತಾರಸಿಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಹೆಸರು ಇಲ್ಲಿ ಬೇಡ. ಮೊದಲ ದಿನ ಅನುಮತಿ ಕೇಳಿದಾಗ ಅವರು ನನ್ನನ್ನೂ ನನ್ನ ಲೆನ್ಸನ್ನೂ ಎರಡು ಸಲ ನೋಡಿ, “ಹತ್ತವ್ವ, ಹತ್ತು, ಆದ್ರೆ ಗೂಡ್ ಕಡೆ ಕೈಗೀಯಿ ಚಾಚ್‌ಬ್ಯಾಡ, ಮರಿ ಎದ್ರಿ ಬಿದ್ದೋಯ್ತವೆ,” ಎಂದಿದ್ದರು. ಈ ಒಂದು ಮಾತಿನಲ್ಲಿ ಗೂಡಿನ ಛಾಯಾಗ್ರಹಣದ ಶಿಸ್ತೆಲ್ಲ ಅಡಗಿದೆ. ಹೆದರಿದ ಮರಿ ಹಿಂದೆ ಸರಿಯುತ್ತದೆ, ಕಡ್ಡಿಗಳ ಸಡಿಲ ಹಾಸಿನಿಂದ ಜಾರುತ್ತದೆ, ಕೆಳಗೆ ಬಿದ್ದ ಮರಿಗೆ ತಾಯಿ ಇಳಿದುಬಂದು ಉಣಿಸುವುದಿಲ್ಲ. ಹಾಗೆ ಬಿದ್ದ ಮರಿಗಳನ್ನು ಎತ್ತಿಕೊಂಡು ಹೋಗಿ, ಬೇಲಿ ಹಾಕಿದ ಜಾಗದಲ್ಲಿ ಮೀನು ತಿನ್ನಿಸಿ ಬೆಳೆಸುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗದವರು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಹತ್ತಿರ ಹೋಗಲಾಗದ್ದಕ್ಕೇ ಉದ್ದ ಲೆನ್ಸ್ ಇರುವುದು. ಅದಿದ್ದೂ ಹತ್ತಿರ ಹೋಗುವವರನ್ನು, ಹಕ್ಕಿ ರೆಕ್ಕೆ ಬಿಚ್ಚಲೆಂದು ಚಪ್ಪಾಳೆ ತಟ್ಟುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ, ಅಜ್ಜಿಗೆ ಬೈಗುಳ ಬರುತ್ತದೆ. ಎರಡನೆಯದೇ ಹೆಚ್ಚು ಪರಿಣಾಮಕಾರಿ.

ಹಲವು ಭಾನುವಾರಗಳ ಮೇಲೆ ಅಜ್ಜಿಯೇ ಕೇಳಿದರು: “ಬರೀ ಹಕ್ಕಿ ಪಟವೇ ತಗೀತೀಯಲ್ಲವ್ವ, ನಾವೇನ್ ಕಣ್ಣಿಗೆ ಕಾಣಕಿಲ್ವಾ?” ಸರಿ, ತೆಗೆಯೋಣ ಎಂದೆ. “ತಡಿ, ಸೀರೆ ಉಟ್ಕ ಬತ್ತೀನಿ,” ಎಂದು ಒಳಗೆ ಹೋದವರು ಮಗಳ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು, ತಲೆ ಬಾಚಿ, ಗೋಡೆಗೆ ಬೆನ್ನು ಆನಿಸಿ, ಕೈಗಳನ್ನು ಎರಡೂ ಬದಿಗೆ ಇಳಿಬಿಟ್ಟು ನೆಟ್ಟ ಕಂಬದ ಹಾಗೆ ನಿಂತರು. ಅರೆಗಳಿಗೆಯ ಹಿಂದೆ ಕೋಳಿ ಅಟ್ಟುತ್ತ ನನಗೆ ಕಥೆ ಹೇಳುತ್ತಿದ್ದ ಮುಖ ಎಲ್ಲಿಗೋ ಹೋಗಿ, ಸರ್ಕಾರಿ ಅರ್ಜಿಗೆ ಅಂಟಿಸುವ ಮುಖವೊಂದು ಅಲ್ಲಿ ಬಂದು ಕುಳಿತಿತ್ತು.

ಭಾವಚಿತ್ರದ ಕಷ್ಟ ಶುರುವಾಗುವುದು ಇಲ್ಲಿಂದ. ಹಕ್ಕಿಗೆ ನಾನಿರುವುದೇ ತಿಳಿಯದಂತೆ ಗಂಟೆಗಟ್ಟಲೆ ಕುಳಿತುಬಿಡಬಹುದು. ಮನುಷ್ಯರ ಎದುರು ಹಾಗೆ ಕುಳಿತರೆ ಅದು ಕದ್ದು ನೋಡಿದಂತೆ. ಅವರೊಡನೆ ಮಾತಾಡಬೇಕು, ಮಾತಾಡುವಾಗ ಕಣ್ಣು ಅವರ ಕಣ್ಣಿನ ಮೇಲಿರಬೇಕು, ಕಣ್ಣು ಅಲ್ಲಿದ್ದರೆ ಕ್ಯಾಮೆರಾದೊಳಗೆ ನೋಡುವುದು ಹೇಗೆ? ಕೊನೆಗೆ ನಾನು ಕಂಡುಕೊಂಡ ದಾರಿಯೆಂದರೆ ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ಟ್ರೈಪಾಡಿನ ಮೇಲಿಟ್ಟು, ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಫೋಕಸ್ ವ್ಯವಸ್ಥೆಗೆ ಆ ಕೆಲಸ ಒಪ್ಪಿಸಿ, ಕೈಯಲ್ಲೊಂದು ಸಣ್ಣ ರಿಮೋಟ್ ಹಿಡಿದುಕೊಂಡು ನೆಲದ ಮೇಲೆ ಕುಳಿತು ಹರಟುವುದು. ಹುಣಸೆ ಧಾರಣೆ ಏನಾಯಿತು, ಈ ಸಲ ಕಬ್ಬಿನ ದುಡ್ಡು ಬಂತೇ, ಸೊಸೆ ಬೆಂಗಳೂರಿನಿಂದ ಯಾವಾಗ ಬರುತ್ತಾಳೆ ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಭರದಲ್ಲಿ ಕಂಬದಂತೆ ನಿಂತಿದ್ದವರು ಕುಳಿತುಕೊಳ್ಳುತ್ತಾರೆ, ಕುಳಿತವರು ಕೈಯಾಡಿಸುತ್ತಾರೆ. ಸೊಸೆಯ ವಿಷಯ ಎತ್ತಿದಾಗ ಅಜ್ಜಿಯ ಹುಬ್ಬು ಏರಿದ ರೀತಿಯನ್ನು ನಾನು ಯಾವ ಸ್ಪರ್ಧೆಗೂ ಕಳಿಸುವುದಿಲ್ಲ, ಆದರೆ ಅಳಿಸುವುದೂ ಇಲ್ಲ.

ಬೆಳಕಿನ ಪಾಠವನ್ನು ಮಾತ್ರ ನಾನು ಮೈಸೂರಿನಲ್ಲೇ, ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕಲಿತೆನೆಂದು ಹೇಳಬೇಕು. ಅಲ್ಲಿ ಎಸ್.ಎಲ್. ಹಲ್ದಂಕರರು ಬರೆದ, ಬಹಳ ಮಂದಿ ರವಿವರ್ಮನದೆಂದೇ ನಂಬಿಕೊಂಡಿರುವ, ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವಿದೆ. ಇಡೀ ಚಿತ್ರಕ್ಕೆ ಬೆಳಕಿನ ಮೂಲ ಒಂದೇ, ಆ ದೀಪ. ಅದನ್ನು ಅಡ್ಡ ಹಿಡಿದ ಅಂಗೈಯ ಬೆರಳುಗಳ ಸಂದಿ ಕೆಂಪಾಗಿ ಹೊಳೆಯುತ್ತದೆ, ಮುಖದ ಒಂದು ಭಾಗ ಬೆಳಗಿ ಉಳಿದದ್ದು ಮೆಲ್ಲಗೆ ಕತ್ತಲಿಗೆ ಜಾರುತ್ತದೆ. ಆ ಕತ್ತಲಿಲ್ಲದಿದ್ದರೆ ಮುಖಕ್ಕೆ ದುಂಡಗಿನ ಆಕಾರವೇ ಇರುತ್ತಿರಲಿಲ್ಲ. ಬೆಳ್ಳೂರಿನ ಹಳೆಯ ಮನೆಗಳಲ್ಲಿ ಈ ಬೆಳಕು ಬಾಗಿಲಿನಿಂದ ಸಿಗುತ್ತದೆ. ಹೊಸ್ತಿಲಿನಿಂದ ಮೂರು ನಾಲ್ಕು ಅಡಿ ಒಳಗೆ, ಬಾಗಿಲಿಗೆ ಓರೆಯಾಗಿ ಕೂರಿಸಿದರೆ ಅಂಗಳದ ಬಿಸಿಲು ತಾಗಿ ಒಳಗೆ ಬರುವ ಮೃದು ಬೆಳಕು ಒಂದು ಕೆನ್ನೆಯ ಮೇಲೆ ಬೀಳುತ್ತದೆ, ಕಣ್ಣಿನಲ್ಲಿ ಬಾಗಿಲೇ ಸಣ್ಣ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ, ಹಿಂದಿನ ನಡುಮನೆ ತಾನಾಗಿಯೇ ಕಪ್ಪಾಗುತ್ತದೆ. ಹೊರಗಿನ ನಡುಹಗಲಿನ ಬಿಸಿಲಿನಲ್ಲಾದರೆ ಕಣ್ಣಿನ ಗುಳಿಗಳಲ್ಲಿ ನೆರಳು ತುಂಬಿ, ಮೂಗಿನ ತುದಿ ಮಿನುಗಿ, ಕಪ್ಪು ಮೈಬಣ್ಣಕ್ಕೂ ಬಿಳಿ ಪಂಚೆಗೂ ಜಗಳ ಹತ್ತುತ್ತದೆ. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ. ಲೆನ್ಸು 85 ಮಿ.ಮೀ. ಆದರೆ ಆರೇಳು ಅಡಿ ದೂರದಲ್ಲೇ ಇದ್ದು ಮುಖವನ್ನು ತುಂಬಿಕೊಳ್ಳಬಹುದು. ಅಗಲ ಲೆನ್ಸ್ ಹಿಡಿದು ಹತ್ತಿರ ಹೋದರೆ ಮೂಗು ಮುಂದಕ್ಕೆ ಬಂದು ಕಿವಿ ಹಿಂದಕ್ಕೆ ಓಡುತ್ತದೆ. ಮೊಬೈಲಿನ ಸೆಲ್ಫಿಯಲ್ಲಿ ಎಲ್ಲರ ಮೂಗೂ ದೊಡ್ಡದಾಗುವುದು ಇದೇ ಕಾರಣಕ್ಕೆ.

ಏಪ್ರಿಲ್ ಹೊತ್ತಿಗೆ ಹಕ್ಕಿಗಳ ಕಡೆಯಿಂದ ಒಂದು ದೊಡ್ಡ ಸಂತೋಷ ದೊರೆಯಿತು. ಬಣ್ಣದ ಕೊಕ್ಕರೆಯ ಮರಿಗಳಿಗೆ ತಂದೆತಾಯಿಯ ಗುಲಾಬಿ ಗರಿಗಳಾಗಲಿ ಕೇಸರಿ ಮುಖವಾಗಲಿ ಇಲ್ಲ, ಮಾಸಲು ಬಣ್ಣದ ಮೈ, ದೊಡ್ಡ ಕೂಗು. ದೊಡ್ಡ ಕೊಕ್ಕರೆಗಳು ಕೊಕ್ಕು ಕುಟ್ಟಿ ಸದ್ದು ಮಾಡುವುದು ಬಿಟ್ಟರೆ ಬಹುಪಾಲು ಮೌನಿಗಳು. ಊರು ತುಂಬ ಕೇಳುವ ಗಲಾಟೆಯೆಲ್ಲ ಹಸಿದ ಮರಿಗಳದು. ಬಿಸಿಲು ಏರಿದಾಗ ತಾಯಿಯೋ ತಂದೆಯೋ ಒಂದು ಹಕ್ಕಿ ಸೂರ್ಯನಿಗೆ ಬೆನ್ನು ಕೊಟ್ಟು ನಿಂತು, ಎರಡೂ ರೆಕ್ಕೆಗಳನ್ನು ಅರೆ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿಯುತ್ತದೆ. ತನ್ನ ಸೆಖೆಗೆ ಅದು ಮಾಡಿಕೊಳ್ಳುವ ಉಪಾಯ ಬೇರೆ: ಕಾಲಿನ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತದೆ, ಆ ತೇವ ಆರುವಾಗ ಮೈ ತಂಪಾಗುತ್ತದೆ. ಹೊಸಬರು ಚಿತ್ರದಲ್ಲಿ ಬೆಳ್ಳಗಾದ ಕಾಲುಗಳನ್ನು ಕಂಡು ಹಕ್ಕಿಗೆ ರೋಗವೇ ಎಂದು ಕೇಳುವುದುಂಟು. ನೆರಳು ಹಿಡಿಯುವ ಈ ದೃಶ್ಯ ನಡೆಯುವುದು ಝಳ ಏಳುವ ಹೊತ್ತಿನಲ್ಲೇ ಆದ್ದರಿಂದ ಉದ್ದ ಲೆನ್ಸಿನಲ್ಲಿ ಅದು ಹರಿತವಾಗಿ ಸಿಗುವುದು ಅಪರೂಪ. ಹಿಂದಿನ ರಾತ್ರಿ ಮಳೆ ಹನಿದು ಹೆಂಚು, ನೆಲ ಎಲ್ಲ ತಣ್ಣಗಿದ್ದ ಒಂದು ದಿನ ಮಾತ್ರ ಗಾಳಿ ಸ್ವಚ್ಛವಾಗಿತ್ತು. ರೆಕ್ಕೆಯ ಗುಲಾಬಿ ಗರಿಗಳ ಮೂಲಕ ಇಳಿದ ಬಿಸಿಲು ಮರಿಗಳ ತಲೆಯ ಮೇಲೆ ತಿಳಿಗೆಂಪಾಗಿ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಕೈ ನಡುಗದಿರಲು ಟ್ರೈಪಾಡ್ ಬೇಕಾಗುವುದು ಲೆನ್ಸಿನ ತೂಕಕ್ಕಲ್ಲ.

ಅದೇ ದಿನ ಮಧ್ಯಾಹ್ನ ತಾರಸಿಯಿಂದ ಇಳಿದು ಬಂದಾಗ ಅಜ್ಜಿ ಜಗಲಿಯ ಅಂಚಿನಲ್ಲಿ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ತಲೆಯ ಮೇಲೆ ಹೆಂಚು, ಹೆಂಚಿನ ಮೇಲೆ ಅವರದೇ ಹುಣಸೆಯ ಕೊಂಬೆ, ಕೊಂಬೆಯ ಮೇಲೆ ಎರಡು ಗೂಡು. ಕುಟ್ಟುತ್ತಿದ್ದ ಹಣ್ಣು ಅವರ ಮರದ್ದಲ್ಲ. ಗೂಡಿಲ್ಲದ ಮರವಿರುವ ನೆಂಟರ ಮನೆಯಿಂದ ತಂದದ್ದು. ಉದ್ದ ಲೆನ್ಸ್ ಕಳಚಿ 35 ಮಿ.ಮೀ. ಹಾಕಿ, ಅಜ್ಜಿಯ ಕೈಯೂ ಮೇಲಿನ ಹಕ್ಕಿಯೂ ಎರಡೂ ಹರಿತವಾಗಿರಲೆಂದು ಅಪರ್ಚರನ್ನು ಎಫ್ 11ಕ್ಕೆ ಇಳಿಸಿ, ಅಂಗಳದಲ್ಲಿ ಮಂಡಿಯೂರಿ ತೆಗೆದ ಚಿತ್ರ ಅದು. ಅಜ್ಜಿ ತಲೆಯೆತ್ತಲಿಲ್ಲ, ಮೇಲಿನ ಕೊಕ್ಕರೆಯೂ ಕತ್ತು ಹೊರಳಿಸಲಿಲ್ಲ. ಆ ಹಂಗಾಮಿನ ನನ್ನ ಅತ್ಯುತ್ತಮ ಚಿತ್ರ ಅದೇ ಎಂದು ಅಂದೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಜೂನ್ ಬಂದು ಗೂಡುಗಳು ಬರಿದಾದ ಮೇಲೆ ಆರಿಸುವ ಕೆಲಸ. ಇದನ್ನು ನಾನು ಸಂತೋಷಗಳ ಪಟ್ಟಿಗೆ ಸೇರಿಸಲಾರೆ. ಫಿಲ್ಮ್ ಕಾಲದಲ್ಲಿ 36 ಚಿತ್ರಗಳಿಗೆ ಸುರುಳಿ ಮುಗಿಯುತ್ತಿತ್ತು, ದುಡ್ಡಿನ ಭಯದಿಂದ ಬೆರಳು ತಾನಾಗಿ ತಡೆಯುತ್ತಿತ್ತು. ಈಗ ಒಂದು ಹೆಜ್ಜಾರ್ಲೆ ಇಳಿದು ರೆಕ್ಕೆ ಮಡಿಸುವುದರೊಳಗೆ ಒಂದು ಸುರುಳಿಯಷ್ಟು ಚಿತ್ರಗಳು ಕಾರ್ಡಿನಲ್ಲಿರುತ್ತವೆ, ಅವುಗಳಲ್ಲಿ ಹೆಚ್ಚಿನವು ಒಂದರಂತೆ ಇನ್ನೊಂದು. ಅಡುಗೆ ಮುಗಿಸಿ, ಎಲ್ಲರೂ ಮಲಗಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಕಣ್ಣು ಹರಿತವಾಗಿದೆಯೇ, ರೆಕ್ಕೆಯ ತುದಿ ಚೌಕಟ್ಟಿನೊಳಗಿದೆಯೇ, ಮುಂದಿನ ಕಡ್ಡಿ ಮುಖಕ್ಕೆ ಅಡ್ಡ ಬಂದಿದೆಯೇ ಎಂದು ಒಂದೊಂದನ್ನೂ ಹಿಗ್ಗಿಸಿ ನೋಡಿ ಅಳಿಸುತ್ತ ಹೋದರೆ ಮಳೆಗಾಲವೇ ಕಳೆಯುತ್ತದೆ. ಮೈಸೂರಿನ ಮಳೆಗಾಲ ಲೆನ್ಸಿನೊಳಗೆ ಬೂಸ್ಟು ಹಿಡಿಸುವ ಕಾಲವೂ ಹೌದಾದ್ದರಿಂದ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಾಣಲೆಯಲ್ಲಿ ಬಿಸಿ ಮಾಡಿ ಡಬ್ಬಿಗೆ ತುಂಬುವ ಕೆಲಸವೂ ಅದರ ಜೊತೆಗೆ.

ಆರಿಸಿದವುಗಳಲ್ಲಿ ಕೆಲವನ್ನು ಒಂದು ಛಾಯಾಚಿತ್ರ ಸ್ಪರ್ಧೆಗೆ ಕಳಿಸಿದೆ. ನೆರಳು ಹಿಡಿದ ಕೊಕ್ಕರೆ ನಿಸರ್ಗ ವಿಭಾಗದಲ್ಲಿ ಸ್ವೀಕೃತವಾಯಿತು, ಹೊಸ್ತಿಲ ಬೆಳಕಿನ ಅಜ್ಜಿ ಭಾವಚಿತ್ರ ವಿಭಾಗದಲ್ಲಿ ಸ್ವೀಕೃತವಾದರು. ಹುಣಸೆ ಕುಟ್ಟುವ ಅಜ್ಜಿಯೂ ಕೊಕ್ಕರೆಯೂ ಇರುವ ಚಿತ್ರ ಎರಡೂ ಕಡೆ ತಿರಸ್ಕೃತವಾಯಿತು. ನಿಸರ್ಗ ವಿಭಾಗದ ತೀರ್ಪುಗಾರರು ಮನುಷ್ಯರು ಇರಬಾರದು ಎಂದರು. ಭಾವಚಿತ್ರ ವಿಭಾಗದವರು ಮೇಲಿನ ಹಕ್ಕಿ ಮುಖದಿಂದ ಗಮನ ಕದಿಯುತ್ತದೆ ಎಂದರು. ಎರಡನೆಯದು ಅವರವರ ಅಭಿರುಚಿ, ವಾದಿಸುವಂತಿಲ್ಲ. ಮೊದಲನೆಯದರ ಬಗ್ಗೆ ನನಗೆ ತಕರಾರಿದೆ. ಅಂತಾರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಸೇರಿ ಒಪ್ಪಿಕೊಂಡಿರುವ ನಿಸರ್ಗ ವಿಭಾಗದ ವ್ಯಾಖ್ಯಾನ ಮನುಷ್ಯ ಸಂಬಂಧಿ ಅಂಶಗಳನ್ನು ಬೇಡವೆನ್ನುತ್ತದೆ ನಿಜ. ಆದರೆ ಅವು ನಿಸರ್ಗದ ಕಥೆಯ ಅವಿಭಾಜ್ಯ ಭಾಗವಾಗಿದ್ದರೆ ವಿನಾಯಿತಿ ಕೊಡುತ್ತದೆ, ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳಿಗೆ ಉದಾಹರಣೆಯಾಗಿ ಅದು ಹೆಸರಿಸುವುದು ಕಣಜದ ಗೂಬೆಗಳನ್ನು ಮತ್ತು ಕೊಕ್ಕರೆಗಳನ್ನು. ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಬಹುಶಃ ಯುರೋಪಿನ ಯಾವುದೋ ಊರಿನ ಹೊಗೆಗೂಡಿನ ಮೇಲೆ ಗೂಡು ಕಟ್ಟುವ ಕೊಕ್ಕರೆ. ಅಲ್ಲಿ ಹೊಗೆಗೂಡು ಸಲ್ಲುತ್ತದೆ. ಇಲ್ಲಿ ಹೆಂಚಿನ ಮನೆಯೂ ಸಲ್ಲುತ್ತದಂತೆ. ಆ ಮನೆಯಲ್ಲಿದ್ದುಕೊಂಡು, ಹಕ್ಕಿಗಾಗಿ ತನ್ನ ಮರದ ಫಸಲು ಬಿಟ್ಟುಕೊಟ್ಟವರು ಸಲ್ಲುವುದಿಲ್ಲ. ಬೆಳ್ಳೂರಿನಲ್ಲಿ ಅಜ್ಜಿಯನ್ನು ತೆಗೆದುಹಾಕಿದರೆ ಗೂಡಿಗೆ ಮರ ಎಲ್ಲಿಂದ ಬರುತ್ತದೆ? ಚೌಕಟ್ಟಿನಲ್ಲಿ ಅಜ್ಜಿ ಹಕ್ಕಿಗಿಂತ ದೊಡ್ಡದಾಗಿ ಕಾಣುತ್ತಾರೆ, ಆದ್ದರಿಂದ ಚಿತ್ರದ ವಸ್ತು ಅವರೇ ಎಂದು ತೀರ್ಪುಗಾರರು ಹೇಳಿದ್ದರೆ ಅದನ್ನು ಒಪ್ಪುತ್ತಿದ್ದೆ. ಅಜ್ಜಿಯನ್ನು ಕತ್ತರಿಸಿ, ಹೆಂಚು ಮತ್ತು ಹಕ್ಕಿಯನ್ನಷ್ಟೇ ಉಳಿಸಿ ಮತ್ತೆ ಕಳಿಸಿ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟರು. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಮುಂದಿನ ಹಂಗಾಮಿಗೆ ಹೋಗುವಾಗ ಎಲ್ಲ ಮುದ್ರಿತ ಚಿತ್ರಗಳನ್ನು ಜೊತೆಗೆ ಒಯ್ದೆ. ತೆಗೆದ ಮುಖವನ್ನು ಆ ಮುಖದವರಿಗೆ ಕಾಗದದ ಮೇಲೆ ತಲುಪಿಸುವವರೆಗೆ ಭಾವಚಿತ್ರದ ಕೆಲಸ ಮುಗಿಯುವುದಿಲ್ಲವೆಂಬುದು ನಾನು ಹಾಕಿಕೊಂಡ ನಿಯಮ. ಸ್ಪರ್ಧೆಯಲ್ಲಿ ಸ್ವೀಕೃತವಾದ, ಹೊಸ್ತಿಲ ಬೆಳಕಿನ ಚಿತ್ರವನ್ನು ಅಜ್ಜಿ ಕೈಯಲ್ಲಿ ಹಿಡಿದು, ದೂರಕ್ಕೆ ಸರಿಸಿ, ಮತ್ತೆ ಹತ್ತಿರ ತಂದು ನೋಡಿದರು. “ಯಾಕವ್ವ, ಅರ್ಧ ಮುಖ ಕಪ್ಪು ಮಾಡ್ಬುಟ್ಟಿದ್ದೀಯೆ? ಕರೆಂಟ್ ಇರ್ನಿಲ್ವಾ?” ಎಂದರು. ಹಲ್ದಂಕರರ ಪಾಠವನ್ನೆಲ್ಲ ಅವರಿಗೆ ಒಪ್ಪಿಸುವಂತಿರಲಿಲ್ಲ. ಹುಣಸೆ ಕುಟ್ಟುವ ಚಿತ್ರಕ್ಕೆ, “ಇದ್ಯಾಕೆ, ಹಳೇ ಸೀರೇಲಿ ತಗ್ದಿದ್ದೀಯ,” ಎಂಬ ಒಂದೇ ಮಾತು. ಅವರಿಗೆ ಹಿಡಿಸಿದ್ದು ಮೊದಲ ಸಲ ಗೋಡೆಗೆ ಆನಿಸಿ, ರೇಷ್ಮೆ ಸೀರೆಯಲ್ಲಿ, ತಲೆಯಿಂದ ಪಾದದವರೆಗೆ ಪೂರ್ತಿ ಬಂದಿದ್ದ ಕಂಬದ ಚಿತ್ರ. ಅದನ್ನೇ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಅದರಲ್ಲಿ ಎರಡೂ ಕಣ್ಣು ಕಾಣುತ್ತವೆ, ಕಾಲು ಕಡಿದಿಲ್ಲ, ಸೀರೆಯ ಅಂಚಿನ ಬಣ್ಣ ಸರಿಯಾಗಿದೆ. ಭಾವಚಿತ್ರವೆಂದರೆ ತನ್ನನ್ನು ತಾನು ತೋರಿಸಿಕೊಳ್ಳಬಯಸುವ ಹಾಗೆ ತೋರಿಸಿಕೊಳ್ಳುವ ಹಕ್ಕು ಎಂದು ಹಿಡಿದರೆ ಅಜ್ಜಿಯ ಆಯ್ಕೆಯಲ್ಲಿ ತಪ್ಪು ಹುಡುಕಲಾಗದು.

ಆ ಚಿತ್ರ ಗೋಡೆಗೇರಿದ ಸುದ್ದಿ ಬೀದಿಗೆ ಹರಡಿದ ಮೇಲೆ ನನಗೆ ತಾರಸಿಗಳ ಕೊರತೆ ಇಲ್ಲವಾಗಿದೆ, ಆದರೆ ಅವುಗಳ ಬಾಡಿಗೆ ನಿಗದಿಯಾಗಿದೆ. ಹತ್ತು ಗಂಟೆಗೆ ಝಳ ಎದ್ದೊಡನೆ ಕೆಳಗಿಳಿದು, ಕೊಟ್ಟಿಗೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ವೃದ್ಧಾಪ್ಯ ವೇತನದ ಅರ್ಜಿಗೆ, ಬ್ಯಾಂಕಿನ ಪಾಸ್‌ಬುಕ್ಕಿಗೆ, ಹಾಸ್ಟೆಲ್ ಸೇರುವ ಹುಡುಗಿಗೆ ಪಾಸ್‌ಪೋರ್ಟ್ ಅಳತೆಯ ಪಟಗಳನ್ನು ತೆಗೆಯಬೇಕು. ಮುಂದಿನ ಭಾನುವಾರ ಎಂಟೆಂಟು ಪ್ರತಿ ಮಾಡಿಸಿ ತರಬೇಕು. ಜಗಲಿಯ ನೆರಳಿನಲ್ಲಿ ಬೆಳಕು ಸಮನಾಗಿ ಬೀಳುವುದರಿಂದ ಕೆಲಸ ಬೇಗ ಸಾಗುತ್ತದೆ. ಕಳೆದ ಸಲ ಐದನೆಯ ತರಗತಿಯ ಹುಡುಗನೊಬ್ಬ ಮಾತ್ರ ಪಂಚೆಯ ಮುಂದೆ ಕೂರಲು ಒಪ್ಪದೆ, ತನ್ನ ಪಟದಲ್ಲಿ ಹಿಂದೆ ಹೆಜ್ಜಾರ್ಲೆ ಬರಲೇಬೇಕೆಂದು ಹಟ ಹಿಡಿದ. ಹಕ್ಕಿ ಇದ್ದರೆ ಇಸ್ಕೂಲಲ್ಲಿ ತಗೊಳಾಕಿಲ್ಲ ಎಂದು ಅವನ ತಾಯಿ ಗದರಿದರು. ಅವನಿಗೆ ಎರಡು ಪಟ ತೆಗೆಯಬೇಕಾಯಿತು, ಶಾಲೆಗೊಂದು, ಅವನಿಗೊಂದು.